ಒಂದು ಹೆಸರಿಗೆ ಒಂದು ಕೈ

ನಮ್ಮೂರಿನ ಶಾಲೆಯ ಹೆಡ್ಮಾಸ್ತರರು ವರ್ಷಕ್ಕೊಮ್ಮೆ ಒಂದು ಕಿವಿ ಮುಚ್ಚಿ ಒಂದು ಕಿವಿ ತೆರೆದ ಟೊಪ್ಪಿಗೆ ಹಾಕಿಕೊಂಡು ಬೀದಿಗೆ ಬರುತ್ತಾರೆ. ಅದನ್ನು ಹೊಲಿದವಳು ಅವರ ಕಿರಿಯ ಮಗಳು, ಇನ್ನೂ ಹಾಲುಹಲ್ಲು ಬಿದ್ದಿಲ್ಲದ ಹುಡುಗಿ. ದೊಡ್ಡಮನೆಯ ಗೌಡರ ಕೊರಳಲ್ಲಿ ಅವರ ಹೆಂಡತಿ ಹೊಲಿದ ವಸ್ತ್ರ ಇರುತ್ತದೆ. ಅದರ ಮೂಲೆಯಲ್ಲಿರುವ ಕೋಳಿಯನ್ನು ಎಲ್ಲರೂ ನವಿಲೆಂದೇ ಕರೆಯಬೇಕು. ಯಾರೂ ನಗುವುದಿಲ್ಲ. ಹಿಂಗಾರಿ ಜೋಳ ಮೊಣಕಾಲಿಗೆ ಬಂದು, ಬೇಲಿಯ ಮೇಲೆ ಹಳದಿ ಹೂವು ಕಾಣಿಸಿಕೊಂಡ ಮೇಲೆ ಜನರನ್ನು ನೆಲದಿಂದ ಮೇಲೆತ್ತಿ ಒಯ್ಯುವ ಎತ್ತುಗಾಳಿ ಬರುತ್ತದೆ. ಬಂದಾಗ ಊರಿಗೆ ಊರೇ ಅಂಗಳದಲ್ಲಿ ನಿಂತಿರುತ್ತದೆ, ಮೈಮೇಲೆ ತನ್ನವರ ಕೈಹೊಲಿಗೆ ಧರಿಸಿ. ಹೊಲಿಗೆ ಹಿಡಿದರೆ ಕಾಲು ನೆಲದಲ್ಲಿ ಉಳಿಯುತ್ತದೆ. ಹಿಡಿಯದಿದ್ದರೆ ಇಲ್ಲ. ಒಳಗೆ ಅಗಳಿ ಹಾಕಿ ಕೂತವರನ್ನು ಗಾಳಿ ಮಾಳಿಗೆ ತೆಗೆದು ಹುಡುಕುತ್ತದೆ, ಆದ್ದರಿಂದ ಮರ್ಯಾದೆಯಿಂದ ಹೊರಗೆ ನಿಲ್ಲುವುದೇ ವಾಡಿಕೆ.

ನನ್ನನ್ನು ಬೆಳೆಸಿದ್ದು ಆಯಿಯ ಕಥೆಗಳು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಅಪ್ಪ ನಾನು ಚಿಕ್ಕವಳಿದ್ದಾಗ ಜ್ವರ ಬಂದು, ಎಲ್ಲ ಊರುಗಳ ಅಪ್ಪಂದಿರಂತೆ ಹಾಸಿಗೆಯಲ್ಲೇ ಸತ್ತ. ಅವ್ವ ಹೊಲಿಗೆಯಲ್ಲಿ ಮುಳುಗಿದಳು, ನಾನು ಆಯಿಯ ಮಡಿಲಲ್ಲಿ ಉಳಿದೆ. ಆಯಿಯ ಕಣ್ಣುಗಳು ಆಗಲೇ ಮಂಜಾಗಿದ್ದವು. ಕಣ್ಣಿಲ್ಲದವಳು ಬಣ್ಣಗಳ ಬಗ್ಗೆಯೇ ಹೆಚ್ಚು ಹೇಳುತ್ತಿದ್ದಳು. ಅವಳ ಕಥೆಗಳಲ್ಲಿ ನನಗೆ ಬಹಳ ಸೇರುತ್ತಿದ್ದದ್ದು ಏಳು ದರ್ಜಿಗಳು ಕೂಡಿ ಹೊಲಿದ ಪೀತಾಂಬರ ಉಟ್ಟ ರಾಣಿಯದು. ಅಂಥ ಸೀರೆ ಮೂರು ಲೋಕದಲ್ಲಿ ಇರಲಿಲ್ಲ. ಎತ್ತುಗಾಳಿ ಬಂದಾಗ ರಾಣಿ ಸೀರೆ ಸಮೇತ ಮೋಡದೊಳಗೆ ಹೋದಳು. “ಯಾಕ ಆಯಿ, ಏಳು ಮಂದಿ ಹೊಲದಿದ್ರಲ್ಲ?” ಎಂದು ನಾನು ಪ್ರತಿ ಸಲವೂ ಕೇಳುತ್ತಿದ್ದೆ. “ಏಳು ಮಂದಿ ಹಿಡದದ್ದನ್ನ ಯಾರೂ ಹಿಡದಿರಲಿಲ್ಲವ್ವ” ಎಂದು ಆಯಿ ಪ್ರತಿ ಸಲವೂ ಹೇಳುತ್ತಿದ್ದಳು.

ಊರಿನ ಕಟ್ಟಳೆಯೂ ಅಷ್ಟೇ. ಒಂದು ಕೈಗೆ ಒಂದು ಹೆಸರು, ಒಂದು ಹೆಸರಿಗೆ ಒಂದು ಕೈ. ಹೂವು ಕಾಣಿಸಿಕೊಂಡ ವಾರ ಮನೆಯ ಹಿರಿಯ ಹೆಂಗಸು ಸೂಜಿಗೆ ದಾರ ಪೋಣಿಸಿ, ಒಬ್ಬೊಬ್ಬರ ಹೆಸರು ಹೇಳಿ, ಮನೆಯವರಿಗೆ ಹಂಚುತ್ತಾಳೆ. ಯಾರ ಹೆಸರಿನ ಸೂಜಿ ಬಂತೋ ಅವರಿಗೆ ಏನಾದರೂ ಹೊಲಿಯಬೇಕು: ಕೂಸಿಗಾದರೆ ಕುಲಾವಿ, ಗಂಡಸರಿಗೆ ಕೊರಳವಸ್ತ್ರ, ಮುದುಕರಿಗೆ ಕಿವಿಟೊಪ್ಪಿಗೆ, ಏನೂ ಬಾರದವರು ಕೈಗೆ ಕಟ್ಟುವ ಒಂದು ಪಟ್ಟಿ. ಗಂಡ ಹೆಂಡತಿ ಒಬ್ಬರಿಗೊಬ್ಬರು ಹೊಲಿಯುತ್ತಾರೆ. ಒಬ್ಬರ ಹೊಲಿಗೆಗೆ ಇನ್ನೊಬ್ಬರು ಸೂಜಿ ತಾಗಿಸುವುದಿಲ್ಲ. ಮಗು ಗಂಟು ಹಾಕಲು ಬಾರದೆ ಅತ್ತರೂ ತಾಯಿ ಬಾಯಲ್ಲಿ ಹೇಳಿಕೊಡುತ್ತಾಳೆ, ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿರುತ್ತಾಳೆ. ತೋರಣಕ್ಕೆ ಮಾತ್ರ ಹೆಸರಿಲ್ಲ. ವರ್ಷದ ಹಳೆ ಬಟ್ಟೆಗಳನ್ನು ಮುಕ್ಕೋನವಾಗಿ ಕತ್ತರಿಸಿ, ನೂಲಿಗೆ ಸೇರಿಸಿ ಬಾಗಿಲಿಗೆ ಕಟ್ಟುವ ಆ ತೋರಣಕ್ಕೆ ಎಲ್ಲರ ಕೈಯೂ ನಡೆಯುತ್ತದೆ.

ನನ್ನ ಅವ್ವ ನೀಲವ್ವನ ಕೈ ಊರಿಗೇ ಹೆಸರಾದ ಕೈ. ಅವಳ ಹೊಲಿಗೆ ಸಾಸಿವೆ ಸಾಲಾಗಿ ಇಟ್ಟ ಹಾಗೆ, ಒಂದು ಕಾಳು ದೊಡ್ಡದಲ್ಲ, ಒಂದು ಚಿಕ್ಕದಲ್ಲ. ಬೇರೆ ಊರುಗಳಿಂದ ಬಂದ ಸೊಸೆಯಂದಿರು ನಮ್ಮ ಪಡಸಾಲೆಯಲ್ಲಿ ಕೂತು ಕಲಿಯುತ್ತಿದ್ದರು. “ಹಳೆ ಸೀರಿ ಸೆರಗು ತಗೋರಿ, ಬಟ್ಟಿ ಪಳಗಿರತೈತಿ, ಸೂಜಿಗಿ ಎದುರಾಡೂದಿಲ್ಲ. ಅಂಚಿಗೆ ಒಂದು ಬೆರಳು ಮಡಸ್ರಿ, ಮತ್ತೊಮ್ಮೆ ಮಡಸ್ರಿ, ಉಗುರಿನಿಂದ ಗೆರಿ ಎಳೀರಿ” ಎಂದು ಅವ್ವ ಹೇಳುವಾಗ ಅವಳ ಬೆರಳುಗಳು ಸೆರಗಿನೊಳಗೇ ಮಡಿಸುವ ಆಟ ಆಡುತ್ತಿದ್ದವು. ಚೆಂದವಿಲ್ಲದ ಹೊಲಿಗೆ ಕಂಡರೆ ಅವಳಿಗೆ ಅಕ್ಕಿಯಲ್ಲಿ ಕಲ್ಲು ಕಡಿದಂತೆ.

ಅಣ್ಣ ಶಿದ್ರಾಮ ಗಾಳಿ ಇಲ್ಲದ ಊರಿನಿಂದ ಕಸ್ತೂರಿ ಅತ್ತಿಗೆಯನ್ನು ಮದುವೆಯಾಗಿ ತಂದ. ಆ ಊರಿನಲ್ಲಿ ಹೊಲಿಗೆ ಎಂದರೆ ಹರಿದದ್ದನ್ನು ಕೂಡಿಸುವುದು, ಅಷ್ಟೇ. ಅತ್ತಿಗೆಯ ಮೊದಲ ಹೊಲಿಗೆ ನೋಡಿ ಅವ್ವ, “ಇದೇನವ್ವ, ಕಾಗಿ ಅಡ್ಡಾಡಿ ಹೋಗ್ಯಾವೇನು?” ಎಂದಳು. ಅತ್ತಿಗೆ ನಕ್ಕು, “ಕಾಗಿಗೆ ಕೂಳು ಹಾಕಿ ಕಲಸೀನ್ರಿ ಅತ್ತಿ” ಎಂದಳು. ಅಣ್ಣನೂ ನಕ್ಕ. ಆ ವರ್ಷ ಆಯಿ ಶಿದ್ರಾಮನ ಹೆಸರಿನ ಸೂಜಿಯನ್ನು ಅತ್ತಿಗೆಯ ಕೈಗೆ ಕೊಟ್ಟಳು. ಕುಲಾವಿಯಿಂದ ಹಿಡಿದು ಅಲ್ಲಿಯವರೆಗೆ ಆ ಸೂಜಿ ಅವ್ವನದಾಗಿತ್ತು. ಅವ್ವ ಮಧ್ಯಾಹ್ನವೆಲ್ಲ ಕೂತು ಯಾರಿಗೂ ಬೇಡವಾದ ಶೇಂಗಾ ಸುಲಿದಳು.

ಹೋದ ವರ್ಷದ ಗಾಳಿಯಲ್ಲಿ ಅಣ್ಣ ಹೋದ. ಅವನು ಅತ್ತಿಗೆಯ ಕೈ ಹಿಡಿದೇ ನಿಂತಿದ್ದ, ಕೊರಳಲ್ಲಿ ಅವಳು ಹೊಲಿದ ಬಿಳಿಯ ವಸ್ತ್ರ. ಮೊದಲು ಅವನ ಚಪ್ಪಲಿ ನೆಲದಲ್ಲಿ ಉಳಿದವು. ಆಮೇಲೆ ಅತ್ತಿಗೆಯ ಕೈ ಬರಿದಾಯಿತು. ಮೋಡದೊಳಗೆ ಹೋದವರ ಬಗ್ಗೆ ನಮ್ಮೂರಲ್ಲಿ ಸತ್ತರು ಎನ್ನುವುದಿಲ್ಲ, ಬರುತ್ತಾರೆ ಎಂದೂ ಹೇಳುವುದಿಲ್ಲ. ಅವನ ಕೊರಳವಸ್ತ್ರ ಮಾತ್ರ ಹಿತ್ತಲಿನ ಬೇವಿನ ತುದಿಗೆ ಬಂದು ಸಿಕ್ಕಿತು. ಅವ್ವ ಓಡಿಹೋಗಿ, ಉದ್ದನೆಯ ಕೋಲಿನಿಂದ ಅದನ್ನು ಕೆಳಗಿಳಿಸಿ, ಮಡಿಸಿ, ತನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಬೇಲಿಯಾಚೆ ನಿಂತವರಿಗೆ ಕಂಡದ್ದು ಇಷ್ಟು: ವಸ್ತ್ರ ಎಲ್ಲಿಯೂ ಹರಿದಿರಲಿಲ್ಲ.

ಪಕ್ಕದ ಮನೆಯ ಬಂಗಾರೆವ್ವನಿಗೆ ಅಷ್ಟೇ ಸಾಕಾಯಿತು. “ಹೊಲಿಗಿ ಹರದಿಲ್ಲ ಅಂದಮ್ಯಾಲ ಮನಸ್ಸಿನಾಗ ಹರಕು ಇತ್ತು ಅಂತಾತು. ಆಕಿಗೆ ಗಂಡ ಇರೂದು ಬ್ಯಾಡಾಗಿತ್ತು” ಎಂದಳು. ಊರು ಹೌದೆಂದಿತು. ಅವ್ವ ಏನೂ ಅನ್ನಲಿಲ್ಲ, ಅನ್ನದೆ ಇದ್ದದ್ದನ್ನೂ ಊರು ಹೌದೆಂದೇ ಲೆಕ್ಕ ಹಿಡಿಯಿತು. ಅತ್ತಿಗೆಯ ಅಪ್ಪ ಕರೆದೊಯ್ಯಲು ಬಂದರು. ಅತ್ತಿಗೆ ಅವರಿಗೆ ಊಟ ಹಾಕಿ, ಬುತ್ತಿ ಕಟ್ಟಿ ಕಳಿಸಿಕೊಟ್ಟಳು. ಯಾಕೆ ಹೋಗಲಿಲ್ಲ ಎಂದು ನಾನು ಕೇಳಿದ್ದಕ್ಕೆ, “ಹೋದ್ರ ಬಂಗಾರೆವ್ವ ಹೇಳಿದ್ದ ಖರೇ ಆಗ್ತೈತಿ ಚಂಪಿ” ಎಂದಳು. ಉಂಡ ತಟ್ಟೆ ಎತ್ತಿಕೊಂಡು, “ಇಲ್ಲಿದ್ರೂ ಸುಳ್ಳಾಗೂದಿಲ್ಲ ಬಿಡು” ಎಂದಳು.

ಈ ವರ್ಷ ಬೇಲಿ ಹಳದಿಯಾದಾಗ ನಮ್ಮ ಮನೆಯಲ್ಲಿ ನಾವು ನಾಲ್ಕು ಹೆಂಗಸರು. ಸೂಜಿಗಳಿಗೆ ದಾರ ಪೋಣಿಸಿ ಆಯಿಯ ಅಂಗೈ ಮೇಲೆ ಇಟ್ಟವಳು ನಾನು. ಆಯಿ ನನ್ನ ಹೆಸರಿನ ಸೂಜಿ ತಾನಿಟ್ಟುಕೊಂಡು, ತನ್ನದನ್ನು ನನಗೆ ಕೊಟ್ಟಳು. ನಂತರ ಕೈಯನ್ನು ಅವ್ವನ ಕಡೆ ಚಾಚಿ, “ಕಸ್ತೂರಿ” ಎಂದಳು.

ಅವ್ವ ಕೈ ಮುಂದೆ ತರಲಿಲ್ಲ. “ಆಕಿ ಹೆಸರಿನ ಸೂಜಿ ನಾ ಮುಟ್ಟೂದಿಲ್ಲ.”

“ಮತ್ತ ಯಾರು ಮುಟ್ಟಬೇಕು? ನೀ ಅತ್ತಿ. ಗಂಡ ಇಲ್ಲದಾಕಿಗೆ ಅತ್ತಿ ಕೈ.”

“ನನ್ನ ಕೈ ಬ್ಯಾಡ” ಎಂದಳು ಅವ್ವ, ಅದೇ ಮಾತು ಬೇರೆ ದನಿಯಲ್ಲಿ. ಆ ದನಿ ಆಗ ನನಗೆ ಸಿಟ್ಟಿನದು ಎನಿಸಿತು.

ಆಯಿ ಸೂಜಿಯನ್ನು ಗೋಡೆಯಲ್ಲಿ ದೀಪವಿಡುವ ಮಾಡದಲ್ಲಿ ಇಡಿಸಿದಳು. ಕೊನೆಯದನ್ನು ಅತ್ತಿಗೆಯ ಕಡೆ ಹಿಡಿದು, “ನೀಲವ್ವ” ಎಂದಳು. ಅತ್ತಿಗೆ ಹಿಂದೆ ಸರಿದಳು. “ಆಯಿ, ನಿಮ್ಮ ಕಾಲಿಗೆ ಬೀಳ್ತೀನ್ರಿ, ನನ್ನ ಕೈಗೆ ಯಾರನ್ನೂ ಕೊಡಬ್ಯಾಡ್ರಿ.”

“ಕೈ ಇರೂತನಕ ಹೆಸರು ತಗೋಬೇಕವ್ವ. ತಗೋ.”

ಅವಳು ತೆಗೆದುಕೊಂಡಳು. ಮಾಡದಲ್ಲಿದ್ದ ಸೂಜಿಯ ದಾರ ಕೆಳಗೆ ಇಳಿಬಿದ್ದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ನಾನು ಅದನ್ನು ತೆಗೆದುಕೊಳ್ಳಬಹುದಿತ್ತು ಎನ್ನಬೇಡಿ. ನನ್ನ ಕೈಗೆ ಆಗಲೇ ಒಂದು ಹೆಸರಿತ್ತು.

ಊರೆಲ್ಲ ಹೊಲಿಯಿತು. ಹಗಲು ಜಗಲಿಗಳ ಮೇಲೆ ಚಿಂದಿ ಹರಡಿರುತ್ತಿತ್ತು, ಗಂಡಸರೂ ಹೊಲ ಬಿಟ್ಟು ಬಂದು ನಾಲಿಗೆ ಕಚ್ಚಿ ಕೂತು ಸೂಜಿ ಚುಚ್ಚುತ್ತಿದ್ದರು. ನಾನು ಆಯಿಗೆ ಕಿವಿಟೊಪ್ಪಿಗೆ ಹೊಲಿಯಲು ಹಿಡಿದೆ. ಎರಡು ತುಂಡು ಬಟ್ಟೆ, ನಡುವೆ ಹಳೆ ಹತ್ತಿ, ಮೇಲೊಂದು ಸಾಲು, ಗಲ್ಲದ ಕೆಳಗೆ ಕಟ್ಟಲು ಎರಡು ಲಾಡಿ, ಅಷ್ಟು ಸುಲಭದ್ದು. ಆದರೂ ಏಳು ದರ್ಜಿಗಳ ರಾಣಿಯ ಬಗ್ಗೆ ಯೋಚಿಸುತ್ತ ಎರಡೂ ಲಾಡಿಗಳನ್ನು ಒಂದೇ ಬದಿಗೆ ಹೊಲಿದುಬಿಟ್ಟು, ಬಿಚ್ಚಿ ಮತ್ತೆ ಹಾಕಬೇಕಾಯಿತು. ಅತ್ತಿಗೆ ಅವ್ವನಿಗೆ ಎಲೆ ಅಡಿಕೆ ಸಂಚಿ ಹೊಲಿಯತೊಡಗಿದಳು. ಅವ್ವ ಸೊಂಟಕ್ಕೆ ಸಿಕ್ಕಿಸಿಕೊಳ್ಳುವಂಥದ್ದು. ಉದ್ದನೆಯ ತುಂಡನ್ನು ನಡುವೆ ಮಡಿಸಿ ಎರಡು ಬದಿ ಹೊಲಿದು, ಬಾಯಿಗೆ ದಾರ ಏರಿಸಿದರೆ ಮುಗಿಯಿತು, ಮಕ್ಕಳೂ ಮಾಡುತ್ತಾರೆ. ಅತ್ತಿಗೆ ಒಂದು ಬದಿ ಹೊಲಿಯುವಳು, ನೋಡುವಳು, ಬಿಚ್ಚುವಳು. ಮತ್ತೆ ಹೊಲಿಯುವಳು. ಸೂಜಿ ಚುಚ್ಚಿ ಚುಚ್ಚಿ ಬಟ್ಟೆಯ ಅಂಚು ಜರಡಿಯಾಗುತ್ತ ಬಂತು.

ಬಂಗಾರೆವ್ವ ಗೋಡೆಯಾಚೆಯಿಂದ ಇಣುಕಿ, “ಏನ್ ಕಸ್ತೂರಿ, ಈ ವರ್ಷ ಯಾರಿಗೆ ರೆಕ್ಕಿ ಹೊಲೀಲಿಕ್ಕತ್ತಿ?” ಎಂದಳು. ಅತ್ತಿಗೆ ಆಗಷ್ಟೇ ಹಾಕಿದ ಸಾಲನ್ನು ಬಿಚ್ಚತೊಡಗಿದಳು. ಒಳಗಿದ್ದ ಅವ್ವ ಬಾಗಿಲಿಗೆ ಬಂದಳು, ಏನೋ ಹೇಳಲು ಬಾಯಿ ತೆರೆದಳು, ಒಳಗೆ ಹೋದಳು.

ಗುಬ್ಬಿಗಳು ಊರು ಬಿಟ್ಟರೆ ಮರುದಿನ ಗಾಳಿ. ಒಂದು ಬೆಳಿಗ್ಗೆ ಸೂರಿನಡಿ ಚಿಲಿಪಿಲಿ ಇರಲಿಲ್ಲ. ಆಯಿ ಕಿವಿಗೊಟ್ಟು ಕೇಳಿ, “ಹೋದವು. ತೋರಣದ ಚಿಂದಿ ತರ್ರಿ” ಎಂದಳು. ಮಾಡದಲ್ಲಿದ್ದ ಸೂಜಿ ಹಾಗೆಯೇ ಇತ್ತು. ಅತ್ತಿಗೆಯ ಸಂಚಿ ಒಂದು ಬದಿಯೂ ಮುಗಿದಿರಲಿಲ್ಲ.  ನಾಳೆ ಈ ಹೊತ್ತಿಗೆ ಮನೆಯಲ್ಲಿ ಆಯಿ ಮತ್ತು ನಾನು ಇಬ್ಬರೇ ಇರುತ್ತೇವೇನೋ ಎಂದು ಚಿಂದಿ ಆರಿಸುತ್ತ ಯೋಚಿಸುತ್ತಿದ್ದೆ. ನಾಲ್ವರೂ ಪಡಸಾಲೆಯಲ್ಲಿ ಕೂತೆವು. ನನ್ನ ಹರಿದ ಲಂಗ, ಅತ್ತಿಗೆಯ ಮದುವೆಯ ಕುಪ್ಪಸದ ತೋಳು, ಆಯಿಯ ದಿಂಬಿನ ಚೀಲ ಒಂದೊಂದೇ ಮುಕ್ಕೋನವಾದವು.

“ಶಿದ್ರಾಮಂದು ತಾ” ಎಂದಳು ಆಯಿ.

“ಅದು ಬ್ಯಾಡ” ಎಂದಳು ಅವ್ವ.

“ಹೋದವರ ಬಟ್ಟಿ ವರ್ಷ ತುಂಬಿದ ಮ್ಯಾಲ ತೋರಣಕ್ಕ ಬರಬೇಕು. ಟ್ರಂಕಿನಾಗ ಇಟ್ಟು ಅಂವನ್ನ ಒಬ್ಬಾಂವನ್ನ ಯಾಕ ಮಾಡ್ತಿ? ಕೀಲಿ ಕೊಡು.”

ಅವ್ವ ಸೊಂಟದಿಂದ ಕೀಲಿ ತೆಗೆದು ನನ್ನ ಕೈಗಲ್ಲ, ನೆಲದ ಮೇಲೆ ಇಟ್ಟಳು. ನಾನು ವಸ್ತ್ರ ತಂದು ಆಯಿಯ ಮಡಿಲಿಗೆ ಹಾಕಿದೆ. ಆಯಿ ಅದನ್ನು ಮೊದಲು ಮೂಸಿದಳು. ಬಳಿಕ ಅದರ ಅಂಚನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಸರಿಸುತ್ತ ಬಂದಳು, ಮಣಿಸರ ಎಣಿಸುವವರಂತೆ.

“ಕಾಗಿ ಹೆಜ್ಜಿ” ಎಂದು ನಕ್ಕಳು. “ನಮ್ಮ ಕಸ್ತೂರಿದು.” ಮೂಲೆ ತಿರುಗಿತು. “ಇದೂ ಕಸ್ತೂರಿದು.” ಮತ್ತೊಂದು ಮೂಲೆ. ಅಲ್ಲಿ ಬೆರಳು ನಿಂತಿತು. ಹಿಂದೆ ಹೋಯಿತು, ಮುಂದೆ ಬಂತು. ಆಯಿಯ ಮುಖದ ನಗು ಯಾವಾಗ ಹೋಯಿತು ಎಂದು ತಿಳಿಯಲಿಲ್ಲ.

ನಾನು ಬಗ್ಗಿ ನೋಡಿದೆ. ಕೊರಳಿಗೆ ಕಟ್ಟಿದಾಗ ಎದೆಯ ಮೇಲೆ ಕಾಣುವ ಆ ಒಂದು ಬದಿಯಲ್ಲಿ ಸಾಸಿವೆ ಕಾಳುಗಳು ಸಾಲಾಗಿ ಕೂತಿದ್ದವು. ಒಂದು ದೊಡ್ಡದಲ್ಲ, ಒಂದು ಚಿಕ್ಕದಲ್ಲ.

“ನೀಲವ್ವ” ಎಂದಳು ಆಯಿ.

ಅವ್ವ ಗೋಡೆ ನೋಡುತ್ತ ಮಾತಾಡಿದಳು. “ಗಾಳಿ ದಿನ ಮುಂಜಾನೆ ಅಂವ ಜಳಕಕ್ಕ ಹೋದಾಗ ಗೂಟಕ್ಕ ತೂಗಬಿದ್ದಿತ್ತು. ಆ ಬದಿ ಬಾಳ ವಕ್ರ ಇತ್ತು. ಎದಿ ಮ್ಯಾಲ ಕಾಣೂದು, ಮಂದಿ ನೋಡೂದು ಅದನ್ನ. ಒಂದ ಬದಿ, ಅಷ್ಟ ಬಿಚ್ಚಿ ಮತ್ತ ಹೊಲದೆ. ಉಳಿದದ್ದೆಲ್ಲಾ ಆಕಿದ ಐತಲ್ಲ ಅಂದುಕೊಂಡೆ.” ಸೆರಗಿನ ಅಂಚನ್ನು ಬೆರಳಲ್ಲಿ ಮಡಿಸಿದಳು. “ತಾಯಿ ಕೈ ಸೇರಿದ್ರ ಕೂಡತೈತಿ, ಕಳೀತೈತೇನು ಅಂತ ತಿಳಿದೆ.”

ಅತ್ತಿಗೆಯ ಮಡಿಲಲ್ಲಿದ್ದ ಕತ್ತರಿ ಜಾರಿ ಬಿತ್ತು. ಅವಳು ಅಳುತ್ತಾಳೆ, ಇಲ್ಲ ಕೂಗುತ್ತಾಳೆ ಎಂದುಕೊಂಡೆ. ಅವಳು ಮೊಣಕಾಲ ಮೇಲೆ ಸರಿದು ಬಂದು, ಆಯಿಯ ಕೈಯಿಂದ ವಸ್ತ್ರ ತೆಗೆದುಕೊಂಡು, ಆ ಬದಿಯನ್ನು ಬೆಳಕಿಗೆ ಹಿಡಿದು ನೋಡಿದಳು.

“ಆ ಮುಂಜಾನಿ ರೊಟ್ಟಿಗೆ ಉಪ್ಪಿಲ್ಲ ಅಂತ ಅವರು ಮುನಿಸಿಕೊಂಡಿದ್ರು” ಎಂದಳು ನಿಧಾನವಾಗಿ. “ನಾನೂ ಒಂದು ಮಾತು ಆಡಿದ್ದೆ. ಆ ಮಾತಿನಿಂದ ಹೊಲಿಗಿ ಬಿಡ್ತೇನು ಅಂತ ಒಂದು ವರ್ಷ ನನ್ನ ಮನಸ್ಸಿನಾಗ ನಾನ ಹುಡುಕೀನ್ರಿ ಅತ್ತಿ. ಕಡೀಕೆ, ಇದ್ದರೂ ಇರಬೇಕು, ನನಗ ಅವರು ಬ್ಯಾಡಾಗಿದ್ರು ಅಂತ ನಾನೂ ನಂಬಿದೆ. ನೀವು ಇಲ್ಲೇ ಇದ್ರಿ. ಇದೇ ಒಲಿ ಮುಂದ.”

“ನನಗ ಹೊಲೀಬ್ಯಾಡ ಕಸ್ತೂರಿ” ಎಂದಳು ಅವ್ವ. “ಹಂಗ ಬಿಟ್ಟುಬಿಡು. ನಾಳೆ ನಾ ಹೋಗ್ತೀನಿ.”

ಅತ್ತಿಗೆ ತನ್ನ ಮೂಲೆಗೆ ಹೋಗಿ ಸಂಚಿಯ ಬಟ್ಟೆ ಎತ್ತಿಕೊಂಡಳು. ಜರಡಿಯಾದ ಅಂಚನ್ನು ಕತ್ತರಿಸಿ ಎಸೆದು, ಉಳಿದದ್ದನ್ನು ಮಡಿಸಿ, ಉಗುರಿನಿಂದ ಗೆರೆ ಎಳೆದಳು. “ಇಷ್ಟು ಸುಲಭಕ್ಕ ನಿಮ್ಮನ್ನ ಬಿಡೂದಿಲ್ಲ” ಎಂದಳು. “ಇಲ್ಲೇ ಇರ್ರಿ. ನನ್ನ ಮಾರಿ ನೋಡಕೋತ ಇರ್ರಿ.” ಸೂಜಿ ಚುಚ್ಚಿದಳು. ಆ ಮಧ್ಯಾಹ್ನ ಅವಳು ಒಂದು ಹೊಲಿಗೆಯನ್ನೂ ಬಿಚ್ಚಲಿಲ್ಲ.

ನಾನು ಆಯಿಯ ಕಿವಿಯ ಹತ್ತಿರ ಹೋಗಿ ಪಿಸುಗುಟ್ಟಿದೆ. “ಸಿಟ್ಟಿನಿಂದ ಹೊಲದದ್ದು ಹಿಡೀತೈತೇನು ಆಯಿ?”

ಇದಕ್ಕೆ ಆಯಿಯ ಬಳಿ ಕಥೆ ಇರಲಿಲ್ಲ. “ಬಿಡೂದಿಲ್ಲ ಅಂದಾಳ” ಎಂದಳು. “ನೋಡೂಣು.”

ಸಂಜೆ ಬಿಸಿಲು ಪಡಸಾಲೆಯ ಕಂಬಕ್ಕೆ ಬಂದಾಗ ಅವ್ವ ಎದ್ದು ಮಾಡದ ಸೂಜಿ ತೆಗೆದುಕೊಂಡಳು. ತನ್ನ ಸೀರೆಯ ಅಂಚಿನಿಂದ ಒಂದು ಪಟ್ಟಿ ಹರಿದು, ಅತ್ತಿಗೆಯ ಕೈಗೆ ಕಟ್ಟಲೆಂದು ಹೊಲಿಯತೊಡಗಿದಳು. ಊರಿನ ಸೊಸೆಯಂದಿರಿಗೆಲ್ಲ ಕಲಿಸಿದ ಕೈಯ ಸಾಸಿವೆ ಎಲ್ಲೋ ಚೆಲ್ಲಿಹೋಗಿತ್ತು. ಹೊಲಿಗೆ ಒಂದು ಮೇಲೆ, ಒಂದು ಕೆಳಗೆ, ನಡುವೆ ದಾರ ಸಿಕ್ಕಾಗಿ ಗಂಟು. ಮುಗಿಸಿ ನೋಡಿ, ಬಿಚ್ಚಲು ಸೂಜಿಯ ತುದಿ ಹಾಕಿದಳು. ಅತ್ತಿಗೆ ತಲೆ ಎತ್ತದೆ, “ಇರಲಿ ಬಿಡ್ರಿ ಅತ್ತಿ” ಎಂದಳು. ಅವ್ವ ಸೂಜಿ ತೆಗೆದಳು. ಅಣ್ಣನ ವಸ್ತ್ರದಿಂದ ಕತ್ತರಿಸಿದ ಮುಕ್ಕೋನವನ್ನು ತೋರಣದ ನಡುವಿಗೆ ಸೇರಿಸಿದವಳು ನಾನು. ಒಂದು ಬದಿ ಸಾಸಿವೆ, ಒಂದು ಬದಿ ಕಾಗೆ ಹೆಜ್ಜೆ, ಮೇಲೆ ನನ್ನ ದಿಕ್ಕು ತಪ್ಪಿದ ಹೊಲಿಗೆ.

ಮರುದಿನ ಬೆಳಿಗ್ಗೆ ಎಲ್ಲರೂ ಅಂಗಳಕ್ಕೆ ಬಂದರು. ಬೀದಿಯುದ್ದಕ್ಕೂ ಬಾಗಿಲುಗಳ ತೋರಣಗಳು ಅಲುಗದೆ ನಿಂತಿದ್ದವು. ಹೆಡ್ಮಾಸ್ತರರು ಒಂದು ಕಿವಿಯ ಟೊಪ್ಪಿಗೆ ಸರಿಪಡಿಸಿಕೊಳ್ಳುತ್ತಿದ್ದರು. ಬಂಗಾರೆವ್ವ ಗಿಡ್ಡ ಗೋಡೆಯಾಚೆ ನಿಂತು ಅತ್ತಿಗೆಯ ಕೈಪಟ್ಟಿ ನೋಡಿ, “ಇದ್ಯಾರ ಹೊಲಿಗಿನ ಯವ್ವಾ, ನೀಲವ್ವಂದಂತೂ ಅಲ್ಲ” ಎಂದಳು.

“ನಂದ” ಎಂದಳು ಅವ್ವ. ಅವಳ ದನಿ ಬೀದಿಯ ಆ ತುದಿಗೂ ಕೇಳುವಂತಿತ್ತು. “ಹೋದ ವರ್ಷ ಆಕಿ ಹೊಲಿಗಿಗೆ ನಾ ಸೂಜಿ ಹಾಕಿದ್ದೆ ಬಂಗಾರೆವ್ವ. ನನ್ನ ಮಗನ್ನ ನಾನ ಕಳಕೊಂಡೆ. ಇನ್ನು ಮ್ಯಾಲ ಹೇಳೂದಿದ್ರ ಹಂಗ ಹೇಳು.”

ಅಷ್ಟರಲ್ಲಿ ಬೇಲಿಯ ಹಳದಿ ಹೂವುಗಳೆಲ್ಲ ಒಮ್ಮೆಲೇ ಮೇಲೆದ್ದವು. ನನ್ನ ಕಿವಿಯೊಳಗೆ ನೀರು ತುಂಬಿದಂತಾಯಿತು, ಹಿಮ್ಮಡಿ ಹಗುರಾಯಿತು. ಆಯಿ ನನಗೆ ಹೊಲಿದ ಕುಪ್ಪಸದ ಜೇಬು ಮಗುವೊಂದು ಹಿಡಿದೆಳೆದಂತೆ ಕೆಳಗೆ ಜಗ್ಗಿತು. ಆಯಿ ಕಿವಿಟೊಪ್ಪಿಗೆಯಲ್ಲಿ ಕಂಬದಂತೆ ನಿಂತಿದ್ದಳು. ಊರಿನ ಕಣ್ಣೆಲ್ಲ ಅತ್ತಿಗೆಯ ಮೇಲೆ. ಅವಳ ಸೀರೆಯ ನೆರಿಗೆ ಹಾರಿ, ಕಾಲು ಅರ್ಧ ಎದ್ದು, ಕೈಪಟ್ಟಿ ಬಿಗಿಯಾಗಿ, ಪಾದಗಳು ಮತ್ತೆ ನೆಲ ಮುಟ್ಟಿದವು. ನಾನು ಉಸಿರು ಬಿಟ್ಟು ಅವ್ವನ ಕಡೆ ತಿರುಗಿದೆ. ಅವ್ವನ ಕಾಲಡಿ ನನಗೆ ನೆಲ ಕಾಣಿಸುತ್ತಿತ್ತು.

ಅವಳು ಕಣ್ಣು ಮುಚ್ಚಿ, ಮುಖ ಮೇಲೆತ್ತಿದ್ದಳು. ಹೋಗಲು ಬಯಸಿದವರ ಮುಖ ಹಾಗಿರುತ್ತದೆ ಎಂದು ನನಗೆ ಆಗ ತಿಳಿಯಿತು. ಅವಳು ಇನ್ನಷ್ಟು ಎದ್ದಳು. ಸೊಂಟದಲ್ಲಿ ಸಿಕ್ಕಿಸಿದ್ದ ಸಂಚಿ ಕಲ್ಲು ತುಂಬಿದಂತೆ ಕೆಳಗೆ ತೂಗಿತು; ಅದರ ಬದಿಯ ಕಾಗೆ ಹೆಜ್ಜೆಗಳು ಒಂದೊಂದಾಗಿ ಬಿಗಿದುಕೊಂಡು, ದಾರ ಬಟ್ಟೆಯೊಳಗೆ ಮುಳುಗಿತು. ಅತ್ತಿಗೆ ಅವಳ ಕೈ ಹಿಡಿಯಲಿಲ್ಲ, ಅವಳ ಕಡೆ ನೋಡಲೂ ಇಲ್ಲ. ತುಟಿ ಕಚ್ಚಿ ಹಿತ್ತಲಿನ ಬೇವಿನ ತುದಿಯನ್ನೇ ನೋಡುತ್ತಿದ್ದಳು. ಒಂದು ಹೊಲಿಗೆಯೂ ಬಿಡಲಿಲ್ಲ. ಅವ್ವ ಇಳಿದಳು, ಮೊದಲು ಬೆರಳ ತುದಿ, ಆಮೇಲೆ ಹಿಮ್ಮಡಿ. ಗಾಳಿ ಊರು ದಾಟಿ ಹೋಯಿತು.

ಜನ ಒಬ್ಬರನ್ನೊಬ್ಬರು ಮುಟ್ಟಿ ನೋಡಿಕೊಂಡರು, ಮಕ್ಕಳನ್ನು ಹೆಸರು ಹಿಡಿದು ಕರೆದರು. ಅವ್ವ ಮಾತ್ರ ನಿಂತಲ್ಲೇ ಕುಸಿದು ಕೂತು, ಸಂಚಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಹಿಡೀತು” ಎಂದಳು. “ಈ ಹೊಲಿಗಿ ಹಿಡೀತಿತ್ತು. ಅಂವನ್ನೂ ಹಿಡೀತಿತ್ತು.” ಆಗ ಅತ್ತಿಗೆ ಅತ್ತಳು. ಒಂದು ವರ್ಷ ಅಳದ್ದನ್ನೆಲ್ಲ ಅಂಗಳದ ನಡುವೆ, ಊರೆದುರು ಅತ್ತಳು. ಗೋಡೆಯಾಚೆ ಬಂಗಾರೆವ್ವ ತಲೆ ತಗ್ಗಿಸಿ ತನ್ನ ಮನೆಯೊಳಗೆ ಹೋದಳು.

ಗಾಳಿ ಹೋದ ಮೇಲೆ ಊರಿನವರೆಲ್ಲ ಆ ವರ್ಷದ ಹೊಲಿಗೆ ತೆಗೆದಿಡುತ್ತಾರೆ. ಅವ್ವ ತೆಗೆದಿಡಲಿಲ್ಲ. ಈಗಲೂ ಆ ಸಂಚಿ ಅವಳ ಸೊಂಟದಲ್ಲೇ ಇರುತ್ತದೆ. ಅದರ ಬಾಯಿಯ ಹತ್ತಿರ ಒಂದು ದಾರದ ತುದಿ ಹೊರಗೆ ಬಂದಿದೆ, ಕಾಳಿನಷ್ಟು ಉದ್ದ. ಎಲೆಗೆ ಸುಣ್ಣ ಹಚ್ಚುತ್ತ, ಸೊಸೆಯಂದಿರಿಗೆ ಬಾಯಲ್ಲಿ ಹೊಲಿಗೆ ಹೇಳಿಕೊಡುತ್ತ ಕೂತಿರುವಾಗ ಅವ್ವನ ಬೆರಳು ತಾನಾಗಿಯೇ ಆ ತುದಿಯ ಕಡೆ ಹೋಗುತ್ತದೆ, ಒಳಗೆ ತುರುಕಿ ಚೆಂದ ಮಾಡಲು. ಮುಟ್ಟುವ ಮೊದಲು ನಿಲ್ಲುತ್ತದೆ. ಅಲ್ಲೇ ಸ್ವಲ್ಪ ಹೊತ್ತು ಇರುತ್ತದೆ. ಒಲೆಯ ಮುಂದಿನಿಂದ ಅತ್ತಿಗೆ ಅದನ್ನು ನೋಡುತ್ತಾಳೆ, ಮತ್ತೆ ರೊಟ್ಟಿ ಬಡಿಯುತ್ತಾಳೆ.